ಕಾರ್ಬೊನೇಟ್ ಖನಿಜಗಳ ರಚನೆಯಲ್ಲಿ ಲೋಹದ ಕಲ್ಮಶಗಳು

ಅಮೃತಶಿಲೆಯ ಕ್ಯಾಲ್ಸೈಟ್, ಹವಳದ ಅರಗೊನೈಟ್ ಎರಡೂ ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟೇ. ಪರಮಾಣುಗಳ ಜೋಡಣೆ ಮಾತ್ರ ಬೇರೆ. ಭೂಮಿಯ ಮೇಲ್ಮೈಯ ಉಷ್ಣತೆ, ಒತ್ತಡಗಳಲ್ಲಿ ಹೆಚ್ಚು ಸ್ಥಿರವಾದದ್ದು ಕ್ಯಾಲ್ಸೈಟ್. ಹಾಗಿದ್ದೂ ಬಹಾಮಾಸ್‌ನ ಬೆಚ್ಚನೆಯ ತಿಳಿಗಡಲಿನಲ್ಲಿ ಇಂದು ರೂಪುಗೊಳ್ಳುತ್ತಿರುವ ದುಂಡು ಮರಳುಕಣಗಳು ಅರಗೊನೈಟ್‌ನವು. ಕಾರಣ, ಮೆಗ್ನೀಸಿಯಂ.

ಈಗಿನ ಸಮುದ್ರದಲ್ಲಿ ಒಂದು ಕ್ಯಾಲ್ಸಿಯಂ ಅಯಾನಿಗೆ ಸುಮಾರು 5 ಮೆಗ್ನೀಸಿಯಂ ಅಯಾನುಗಳಿವೆ. ಮೆಗ್ನೀಸಿಯಂ ಅಯಾನಿನ ತ್ರಿಜ್ಯ 0.72 ಆಂಗ್‌ಸ್ಟ್ರಾಂ, ಕ್ಯಾಲ್ಸಿಯಂನದು 1.00. ಗಾತ್ರ ಚಿಕ್ಕದಾದ್ದರಿಂದಲೇ ಅದು ತನ್ನ ಸುತ್ತಲಿನ ಆರು ನೀರಿನ ಅಣುಗಳನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಅವನ್ನು ಕಳಚಿಕೊಳ್ಳದೆ ಹರಳಿನೊಳಗೆ ಸೇರಲಾರದು. ಹೀಗಾಗಿ ಕ್ಯಾಲ್ಸೈಟ್‌ನ ಬೆಳವಣಿಗೆ ಕುಂಟುತ್ತದೆ. ಸೇರಿಕೊಂಡ ಮೇಲೂ ತಂಟೆ ತಪ್ಪದು: ಪರಮಾಣುಗಳ ಜಾಲಕ ಸೆಳೆತಕ್ಕೊಳಗಾಗಿ ಹರಳು ಸುಲಭವಾಗಿ ಕರಗತೊಡಗುತ್ತದೆ. ಅರಗೊನೈಟ್‌ನಲ್ಲಿ ಇಷ್ಟು ಚಿಕ್ಕ ಅಯಾನಿಗೆ ಹೊಂದುವ ಜಾಗವೇ ಇಲ್ಲ. ಆದ್ದರಿಂದ ಅದರ ಬೆಳವಣಿಗೆಗೆ ಹೇಳಿಕೊಳ್ಳುವಂಥ ಅಡ್ಡಿಯಿಲ್ಲ.

ಸಮುದ್ರ ಯಾವಾಗಲೂ ಹೀಗಿರಲಿಲ್ಲ. ಕಡಲಡಿಯ ಬಿಸಿ ಬಸಾಲ್ಟ್ ನೀರಿನಿಂದ ಮೆಗ್ನೀಸಿಯಂ ಹೀರಿ ಕ್ಯಾಲ್ಸಿಯಂ ಬಿಡುತ್ತದೆ. ಸಾಗರತಳ ವೇಗವಾಗಿ ಹರಡುತ್ತಿದ್ದ ಕ್ರಿಟೇಶಿಯಸ್ ಯುಗದಲ್ಲಿ ಮೆಗ್ನೀಸಿಯಂ-ಕ್ಯಾಲ್ಸಿಯಂ ಅನುಪಾತ 2ಕ್ಕಿಂತ ಕೆಳಗಿತ್ತೆಂದು ಅಂದಾಜು. ಆಗ ಕ್ಯಾಲ್ಸೈಟ್‌ನದೇ ಮೇಲುಗೈ. ಕ್ಯಾಲ್ಸೈಟ್-ಅರಗೊನೈಟ್‌ಗಳ ಇಂಥ ಏರಿಳಿತವನ್ನು ಪ್ರಾಚೀನ ಸುಣ್ಣಕಲ್ಲುಗಳಲ್ಲಿ ಗುರುತಿಸಿ ಭೂವಿಜ್ಞಾನಿ ಫಿಲಿಪ್ ಸ್ಯಾಂಡ್‌ಬರ್ಗ್ 1983ರಲ್ಲಿ ಪ್ರಕಟಿಸಿದರು.

ಕ್ಯಾಲ್ಸಿಯಂಗಿಂತ ದೊಡ್ಡದಾದ ಸ್ಟ್ರಾನ್ಷಿಯಂಗೆ ಅರಗೊನೈಟೇ ಅನುಕೂಲ. ನೀರು ತಣ್ಣಗಾದಷ್ಟೂ ಹವಳ ಅದನ್ನು ಹೆಚ್ಚಾಗಿ ಸೇರಿಸಿಕೊಳ್ಳುವುದರಿಂದ, ಹಳೆಯ ಹವಳಗಳು ಅಂದಿನ ಕಡಲ ಉಷ್ಣತೆಯ ದಾಖಲೆಗಳಾಗಿವೆ. ಕೋಬಾಲ್ಟ್ ಕ್ಯಾಲ್ಸೈಟ್‌ಗೆ ಗುಲಾಬಿ ಬಣ್ಣ ಕೊಡುತ್ತದೆ. ಲೇಶಮಾತ್ರ ಮ್ಯಾಂಗನೀಸ್ ಇದ್ದರೂ ಎಲೆಕ್ಟ್ರಾನ್ ಕಿರಣ ಬಿದ್ದಾಗ ಹರಳು ಕಿತ್ತಳೆಗೆಂಪಾಗಿ ಹೊಳೆಯುತ್ತದೆ; ಕಬ್ಬಿಣ ಹೆಚ್ಚಿದರೆ ಆ ಹೊಳಪು ನಂದುತ್ತದೆ.

ಮೆಗ್ನೀಸಿಯಂ ಕಲ್ಮಶವಾಗಿ ಉಳಿಯದೆ ಸರಿಪಾಲುದಾರನಾದರೆ ಸಿಗುವುದು ಡಾಲಮೈಟ್. ಬಾಗಲಕೋಟೆಯ ಕಲಾದಗಿ ಶಿಲಾಸ್ತರಗಳಲ್ಲೂ ಅದಿದೆ. ಪ್ರಯೋಗಾಲಯದಲ್ಲಿ ಮಾತ್ರ ಇದು ಮಹಾ ಹಠಮಾರಿ. ಭೂವಿಜ್ಞಾನಿ ಲಿಂಟನ್ ಲ್ಯಾಂಡ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ವರ್ಷ ಇಟ್ಟ ದ್ರಾವಣದಲ್ಲೂ ಡಾಲಮೈಟ್ ಮೂಡಲಿಲ್ಲ. ಕಾರಣ, ಎರಡು ಲೋಹಗಳೂ ಒಂದು ಪದರ ಬಿಟ್ಟು ಒಂದರಂತೆ ಕ್ರಮವಾಗಿ ಕೂರಬೇಕು. ತಪ್ಪು ಜಾಗದಲ್ಲಿ ಕುಳಿತವು ಮುಂದಿನ ಬೆಳವಣಿಗೆಯನ್ನೇ ತಡೆಯುತ್ತವೆ. 2023ರಲ್ಲಿ ಮಿಷಿಗನ್ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯಗಳ ತಂಡ ಎಲೆಕ್ಟ್ರಾನ್ ಕಿರಣವನ್ನು ಮಿಡಿಸಿ, ಆ ತಪ್ಪು ಅಯಾನುಗಳನ್ನು ಮತ್ತೆ ಮತ್ತೆ ಕರಗಿಸಿತು. ಎರಡು ಗಂಟೆಗಳಲ್ಲಿ ಸುಮಾರು 300 ಪದರಗಳು ಬೆಳೆದವು. ನಿಸರ್ಗದಲ್ಲಿ ಈ ತೊಳೆಯುವ ಕೆಲಸವನ್ನು ಮಳೆ, ಉಬ್ಬರವಿಳಿತಗಳು ಮಾಡುತ್ತವೆ ಎಂಬುದು ಅವರ ವಾದ.