ನ್ಯಾನೋಕಣ ಏರೋಸಾಲ್ ಉತ್ಪಾದನೆ (ಉಸಿರಾಟ ವಿಷವಿಜ್ಞಾನ)

ಉಸಿರಿನೊಡನೆ ಒಳಹೋಗುವ ಕಣಗಳ ವಿಷಗುಣವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಲು, 100 ನ್ಯಾನೋಮೀಟರಿಗಿಂತ ಚಿಕ್ಕ ಕಣಗಳನ್ನು ಗಾಳಿಯಲ್ಲಿ ತೇಲಿಸಿ ಗಂಟೆಗಟ್ಟಲೆ ಒಂದೇ ಹದದಲ್ಲಿ ಒದಗಿಸುವ ತಂತ್ರ. ಕಣವನ್ನು ತಯಾರಿಸುವುದಕ್ಕಿಂತ, ಇಲಿಯ ಮೂಗು ತಲುಪುವವರೆಗೆ ಅದನ್ನು ಬಿಡಿಯಾಗಿ ಉಳಿಸಿಕೊಳ್ಳುವುದೇ ಕಷ್ಟ.

ಹಳೆಯ ದಾರಿ ಒಣಪುಡಿಯದು. 1950ರಲ್ಲಿ ವಿವರಿಸಲಾದ ರೈಟ್ ಯಂತ್ರದಲ್ಲಿ, ಒತ್ತಿ ಕೂರಿಸಿದ ಪುಡಿಯನ್ನು ಬ್ಲೇಡು ತೆಳುವಾಗಿ ಕೆರೆಯುತ್ತದೆ, ರಭಸದ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಗಣಿಧೂಳಿನಂಥದಕ್ಕೆ ಇದು ಸಾಕು. ಆದರೆ ಅಣುಗಳ ನಡುವಿನ ಸೆಳೆತವಾದ ವಾನ್ ಡರ್ ವಾಲ್ಸ್ ಬಲದಿಂದ ಕಚ್ಚಿಕೊಂಡ ನ್ಯಾನೋಪುಡಿ ಗೊಂಚಲಾಗಿಯೇ ಹೊರಬರುತ್ತದೆ. ಇನ್ನೊಂದು ದಾರಿ ದ್ರವದ್ದು: ಕಾಲಿಸನ್ ನೆಬ್ಯುಲೈಸರ್ ಎಂಬ ಸಾಧನ ಕಣ ಕದಡಿದ ನೀರನ್ನು ಹನಿಯಾಗಿಸಿ ಚಿಮ್ಮಿಸುತ್ತದೆ. ಹನಿ ಒಣಗಿದಾಗ ನೀರಿನಲ್ಲಿದ್ದ ಲವಣವೂ ಕಣವಾಗಿ ಉಳಿಯುವುದರಿಂದ, ಬರಿಯ ನೀರನ್ನೇ ಚಿಮ್ಮಿಸಿ ಹೋಲಿಸದ ಪ್ರಯೋಗವನ್ನು ನಂಬುವಂತಿಲ್ಲ.

ಆವಿಯಿಂದ ಕಣ ಕಟ್ಟುವ ವಿಧಾನಗಳು ಹೆಚ್ಚು ಶುದ್ಧ. 1988ರಲ್ಲಿ ಶ್ವಿನ್, ಗಾರ್ವಿನ್ ಮತ್ತು ಶ್ಮಿಟ್-ಒಟ್ ವಿವರಿಸಿದ ಕಿಡಿ ಉತ್ಪಾದಕದಲ್ಲಿ ಎರಡು ಕಡ್ಡಿಗಳ ನಡುವೆ ಕಿಡಿ ಹಾರಿ, ಆವಿಯಾದ ವಸ್ತು ಜಡಾನಿಲದಲ್ಲಿ ತಣಿದು ಕಣವಾಗುತ್ತದೆ. ಬೆಳ್ಳಿಯಂಥ ಲೋಹವನ್ನು ಕಾಯಿಸಿ, ಆವಿಯನ್ನು ತಣಿಸುವ ವಿಧಾನಕ್ಕೆ 2010ರ ಐಎಸ್‌ಓ 10801 ಮಾನಕವಿದೆ.

ಆದರೆ ಹುಟ್ಟಿದ ಕ್ಷಣದಿಂದಲೇ ಕಣಗಳು ಢಿಕ್ಕಿ ಹೊಡೆದು ಅಂಟಿಕೊಳ್ಳತೊಡಗುತ್ತವೆ. ಘನ ಸೆಂಟಿಮೀಟರಿಗೆ 10 ಲಕ್ಷ ಕಣಗಳಿದ್ದರೆ ಸಂಖ್ಯೆ ಅರ್ಧಕ್ಕಿಳಿಯಲು ಸ್ಥೂಲವಾಗಿ ಅರ್ಧ ಗಂಟೆ ಬೇಕು. 10 ಕೋಟಿಯಿದ್ದರೆ ಸುಮಾರು 20 ಸೆಕೆಂಡು ಸಾಕು. ತೀರ ಚಿಕ್ಕ ಕಣಗಳಲ್ಲಿ ಇನ್ನೂ ಬೇಗ. ಹಾಗಾಗಿ ಉತ್ಪಾದಕದ ಬಾಯಲ್ಲೇ ಶುದ್ಧಗಾಳಿ ಬೆರೆಸಿ ತೆಳುವಾಗಿಸಬೇಕು, ಕೊಳವೆ ಗಿಡ್ಡವಾಗಿರಬೇಕು.

ಕಣಗಳು ಬಿಡಿಯಾಗಿರುವುದರ ಮಹತ್ವ ತೋರಿಸಿದ್ದು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓಬರ್‌ಡಾರ್ಸ್ಟರ್ ಬಳಗ. ಟೆಫ್ಲಾನ್ ಕಾಯಿಸಿದಾಗ ಹುಟ್ಟುವ, 20 ನ್ಯಾನೋಮೀಟರ್ ಆಸುಪಾಸಿನ ಕಣಗಳ ಹೊಗೆಯನ್ನು ಹದಿನೈದು ನಿಮಿಷ ಉಸಿರಾಡಿದ ಇಲಿಗಳ ಶ್ವಾಸಕೋಶಕ್ಕೆ ತೀವ್ರ ಹಾನಿಯಾಯಿತು. ಅದೇ ಹೊಗೆಯನ್ನು ಮೂರೂವರೆ ನಿಮಿಷ ಹಾಗೇ ಬಿಟ್ಟಾಗ ಕಣಗಳು ಕೂಡಿಕೊಂಡು 100 ನ್ಯಾನೋಮೀಟರ್ ದಾಟಿದವು, ವಿಷವೂ ಇಳಿಯಿತು. ಗೊಂಚಲೆಂದರೆ ನಿರಪಾಯ ಎಂದು ಮಾತ್ರ ತಿಳಿಯಬಾರದು. ಇದೇ ಬಳಗದ ಟೈಟಾನಿಯಂ ಡೈಆಕ್ಸೈಡ್ ಪ್ರಯೋಗದಲ್ಲಿ 20 ನ್ಯಾನೋಮೀಟರ್ ಕಣಗಳು ಗಾಳಿಯಲ್ಲಿ ಗೊಂಚಲಾಗಿದ್ದರೂ 250 ನ್ಯಾನೋಮೀಟರಿನವಕ್ಕಿಂತ ಹೆಚ್ಚು ಉರಿಯೂತ ತಂದವು. ಶ್ವಾಸಕೋಶದೊಳಗೆ ಗೊಂಚಲು ಬಿಡಿಯಾಗಿರಬಹುದು.

ಆದ್ದರಿಂದ ಸೀಸೆಯ ಮೇಲಿನ ಗಾತ್ರವನ್ನು ನೆಚ್ಚದೆ, ಪ್ರಾಣಿ ಉಸಿರಾಡುವ ಜಾಗದಲ್ಲೇ ಕಣಗಳ ಗಾತ್ರ, ಸಂಖ್ಯೆ, ತೂಕ ಮೂರನ್ನೂ ಅಳೆಯುತ್ತಾರೆ. ಇಡೀ ಮೈ ಒಡ್ಡುವ ಪೆಟ್ಟಿಗೆಯಲ್ಲಿ ಇಲಿ ತನ್ನ ತುಪ್ಪಳ ನೆಕ್ಕಿ ಕಣಗಳನ್ನು ನುಂಗುತ್ತದಾದ್ದರಿಂದ ಮೂಗನ್ನಷ್ಟೇ ಒಡ್ಡುವ ಕೊಳವೆಗಳಿಗೆ ಆದ್ಯತೆ. ಉಸಿರಾಟದ ವಿಷಪರೀಕ್ಷೆಗಾಗಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಓಇಸಿಡಿ) ರೂಪಿಸಿದ 412 ಮತ್ತು 413ನೇ ಮಾರ್ಗಸೂಚಿಗಳನ್ನು ನ್ಯಾನೋವಸ್ತುಗಳಿಗೂ ಒಗ್ಗುವಂತೆ 2018ರಲ್ಲಿ ಪರಿಷ್ಕರಿಸಲಾಯಿತು.