ಬಲ್ದಿಯಾದ ವಾರ್ಷಿಕ ಲೆಕ್ಕ: ಹೈದರಾಬಾದ್ ನಗರಾಡಳಿತದ ವರದಿಗಳೂ ಗುರಿಗಳೂ

ಕಳೆದ ವರ್ಷ ಆದದ್ದೇನು, ಬರುವ ವರ್ಷ ಆಗಬೇಕಾದದ್ದೇನು ಎಂಬುದನ್ನು ನಗರಾಡಳಿತವು ಬರೆಹದಲ್ಲಿ ಒಪ್ಪಿಸುವ ಪದ್ಧತಿ ಹೈದರಾಬಾದಿಗೆ ಹೊಸದಲ್ಲ. ಆದರೆ ಆ ಲೆಕ್ಕವನ್ನು ಯಾರ ಮುಂದೆ ಒಪ್ಪಿಸಬೇಕು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಮೊದಲು ದಿವಾನರ ಮುಂದೆ, ಅನಂತರ ಚುನಾಯಿತ ಸದಸ್ಯರ ಮುಂದೆ, ಅವರಿಲ್ಲದ ದೀರ್ಘ ಅವಧಿಗಳಲ್ಲಿ ಸರ್ಕಾರವೇ ನೇಮಿಸಿದ ವಿಶೇಷಾಧಿಕಾರಿಯ ಮುಂದೆ, ಇತ್ತೀಚೆಗೆ ಪಾಲಿಕೆಯ ಸಾಲಪತ್ರ ಕೊಂಡ ಹೂಡಿಕೆದಾರರ ಮುಂದೆಯೂ ಈ ಲೆಕ್ಕ ಹೋಗಿದೆ. ನಗರದ ಪೌರಾಡಳಿತದ ಒಂದೂವರೆ ಶತಮಾನದ ಚರಿತ್ರೆಯನ್ನು ಈ ಒಂದು ಎಳೆ ಹಿಡಿದು ನೋಡಿದರೆ, ಇಲ್ಲಿ ಯೋಜನೆಗಳಿಗಾಗಲಿ ವರದಿಗಳಿಗಾಗಲಿ ಎಂದೂ ಬರವಿರಲಿಲ್ಲ, ಅವುಗಳನ್ನು ಎದುರು ಕೂತು ಪ್ರಶ್ನಿಸುವವರಿಗೆ ಬರವಿತ್ತು ಎಂಬುದು ಕಾಣುತ್ತದೆ.

ನಗರಸಭೆಯನ್ನು ಹಳೆಯ ಹೈದರಾಬಾದಿಗರು ಇಂದಿಗೂ ಬಲ್ದಿಯಾ ಎಂದೇ ಕರೆಯುತ್ತಾರೆ. 1869ರಲ್ಲಿ ಮೊದಲನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ ಅದು ಒಂದು ಇಲಾಖೆಯಾಗಿ ರೂಪುಗೊಂಡಿತು. ಮೂಸಿ ನದಿಯ ದಕ್ಷಿಣದ ನಗರವನ್ನು ನಾಲ್ಕು ವಿಭಾಗಗಳಾಗಿಯೂ ಉತ್ತರದ ಚಾದರಘಾಟ್ ಉಪನಗರವನ್ನು ಐದು ವಿಭಾಗಗಳಾಗಿಯೂ ಹಂಚಲಾಯಿತು. ಒಟ್ಟು ವಿಸ್ತೀರ್ಣ 55 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ. ಪೊಲೀಸ್ ಅಧಿಕಾರವನ್ನೂ ಪೌರಾಡಳಿತವನ್ನೂ ಆರಂಭದಲ್ಲಿ ಒಬ್ಬನೇ ಅಧಿಕಾರಿ, ಅಂದರೆ ಕೊತ್ವಾಲನೇ ನಡೆಸುತ್ತಿದ್ದುದರಿಂದ ಬೀದಿಯ ಕಸ, ದೀಪ ಮತ್ತು ಕಳ್ಳರ ಕಾವಲು ಒಂದೇ ಮೇಜಿನ ಕಡತಗಳಾಗಿದ್ದವು. ಬ್ರಿಟಿಷ್ ರೆಸಿಡೆನ್ಸಿ ಇದ್ದ ಚಾದರಘಾಟ್ 1886ರಲ್ಲಿ ಪ್ರತ್ಯೇಕ ಪುರಸಭೆಯಾಯಿತು. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ಪೌರಾಡಳಿತಕ್ಕೂ ಒಂದು ಭಾಗವಿರುತ್ತಿತ್ತು. ಈ ವರದಿಗಳು ಫಸಲಿ ವರ್ಷವನ್ನು ಅನುಸರಿಸುತ್ತಿದ್ದವು. ಬೆಳೆ ಮತ್ತು ಕಂದಾಯದ ಲೆಕ್ಕಕ್ಕೆಂದು ಮೊಗಲರ ಕಾಲದಲ್ಲಿ ಹುಟ್ಟಿದ ಈ ವರ್ಷವು ಇಪ್ಪತ್ತನೆಯ ಶತಮಾನದ ಹೈದರಾಬಾದಿನಲ್ಲಿ ಅಕ್ಟೋಬರ್ ಮೊದಲ ವಾರ ಆಜುರ್ ಮಾಸದಿಂದ ಆರಂಭವಾಗುತ್ತಿತ್ತು. ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆಯಾದ್ದರಿಂದ 1343 ಫಸಲಿಯ ವರದಿ ಎಂದರೆ 1933–34ರ ವರದಿ ಎಂದು ಇಂದಿನ ಓದುಗರು ತಿಳಿಯಬೇಕು.

ನಗರಕ್ಕೆ ದೀರ್ಘಕಾಲದ ಗುರಿಗಳನ್ನು ಇಡುವ ಕೆಲಸಕ್ಕೆ ಕಾರಣವಾದದ್ದು ಒಂದು ದುರಂತ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿದು ಸಾವಿರಾರು ಜನ ಸತ್ತ ಮೇಲೆ, ಮರುವರ್ಷ ಕನ್ನಡಿಗರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ವಿಶೇಷ ಸಲಹಾ ಎಂಜಿನಿಯರ್ ಆಗಿ ಸಂಸ್ಥಾನವು ಕರೆಸಿಕೊಂಡಿತು. ಮೇಲ್ಭಾಗದ ಕೆರೆಗಳು ಸಾಲುಸಾಲಾಗಿ ಒಡೆದುದೇ ಪ್ರವಾಹವನ್ನು ಅಷ್ಟು ಭೀಕರಗೊಳಿಸಿತು ಎಂಬುದನ್ನು ಗುರುತಿಸಿದ ಅವರು, ನಗರಕ್ಕಿಂತ ಮೇಲೆ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ವಿಶ್ವೇಶ್ವರಯ್ಯನವರು 1909ರಲ್ಲಿಯೇ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಗೆ ಹೋದರಾದರೂ ಒಳಚರಂಡಿ ಯೋಜನೆಯ ವಿಷಯದಲ್ಲಿ 1922ರಲ್ಲಿ ಹೈದರಾಬಾದ್ ಅವರನ್ನು ಮತ್ತೆ ಕೇಳಿಕೊಂಡಿತು. ಮೈಸೂರಿನಲ್ಲಿ 1911ರಲ್ಲಿ ಆರಂಭವಾದ ಆರ್ಥಿಕ ಸಮ್ಮೇಳನವು ಅಧಿಕಾರಿಗಳನ್ನೂ ಅಧಿಕಾರಿಗಳಲ್ಲದವರನ್ನೂ ವರ್ಷಕ್ಕೊಮ್ಮೆ ಒಂದೆಡೆ ಕೂರಿಸಿ ಕೃಷಿ, ಶಿಕ್ಷಣ, ಕೈಗಾರಿಕೆಗಳ ಪ್ರಗತಿಯನ್ನು ಪರಿಶೀಲಿಸಿದ ಸಭೆ. ಅದೇ ಬಗೆಯ ಕೂಟವೊಂದನ್ನು ಅವರು ಹೈದರಾಬಾದ್ ನಗರಕ್ಕೂ ಬಿಟ್ಟುಹೋಗಿದ್ದರೆ ಇಲ್ಲಿನ ಕಥೆ ಬೇರೆಯಾಗುತ್ತಿತ್ತೇನೋ. ಅವರು ಬಿಟ್ಟುಹೋದದ್ದು ಉತ್ತಮವಾದ ಒಂದು ವರದಿಯನ್ನು.

ಆ ವರದಿಯ ನಂತರದ ಕಾರ್ಯಭಾರವನ್ನು ಹೊತ್ತದ್ದು ನಗರಸಭೆಯಲ್ಲ, 1912ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಸ್ಥಾಪಿಸಿದ ನಗರ ಸುಧಾರಣಾ ಮಂಡಳಿ. ಉರ್ದುವಿನಲ್ಲಿ ಆರಾಯಿಷ್-ಎ-ಬಲ್ದಾ ಎಂದು ಹೆಸರಾಗಿದ್ದ ಈ ಮಂಡಳಿ ಇಕ್ಕಟ್ಟಾದ ವಸತಿಗಳನ್ನು ತೆರವುಗೊಳಿಸಿ ಮನೆಗಳನ್ನು ಕಟ್ಟಿಸಿತು, ರಸ್ತೆಗಳನ್ನು ಅಗಲಗೊಳಿಸಿತು. ಪತ್ತರ್‌ಗಟ್ಟಿಯ ಕಲ್ಲಿನ ಕಮಾನುಗಳ ಅಂಗಡಿ ಸಾಲು ಮತ್ತು 1935ರ ಮೊಅಜ್ಜಂ ಜಾಹಿ ಮಾರುಕಟ್ಟೆ ಅದರ ಕೆಲಸದ ಕಣ್ಣಿಗೆ ಕಾಣುವ ಸಾಕ್ಷಿಗಳು. ಮಂಡಳಿ ಮಾಡಿದ್ದು ದೊಡ್ಡ ಕೆಲಸವೇ. ಆದರೆ ನಗರದ ಮುಖ್ಯ ಕಾರ್ಯಗಳನ್ನು ನಗರಸಭೆಯ ಹೊರಗಿನ ಸಂಸ್ಥೆಗಳಿಗೆ ವಹಿಸುವ ರೂಢಿಗೂ ಅದೇ ಮೇಲ್ಪಂಕ್ತಿಯಾಯಿತು. 1975ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ, 1989ರಲ್ಲಿ ಜಲಮಂಡಳಿ, 2008ರಲ್ಲಿ ಮಹಾನಗರಾಭಿವೃದ್ಧಿ ಪ್ರಾಧಿಕಾರ ಹೀಗೆ ಬೇರೆ ಬೇರೆ ಆದವು. ಪಾಲಿಕೆ ತನ್ನ ವಾರ್ಷಿಕ ಗುರಿಗಳನ್ನು ಬರೆಯುವಾಗ ಕುಡಿಯುವ ನೀರು ಮತ್ತು ಒಳಚರಂಡಿಯಂಥ ವಿಷಯಗಳಲ್ಲಿ ಇನ್ನೊಬ್ಬರ ಲೆಕ್ಕ ಪುಸ್ತಕವನ್ನು ನೋಡಬೇಕಾಯಿತು.

1933ರಲ್ಲಿ ಚಾದರಘಾಟ್ ಮತ್ತೆ ಹೈದರಾಬಾದಿನೊಂದಿಗೆ ಸೇರಿತು, ಹೊಸ ಕಾಯಿದೆಯಿಂದ ನಗರಸಭೆಗೆ ಶಾಸನಬದ್ಧ ಸ್ಥಾನ ಬಂದಿತು, 1934ರಲ್ಲಿ ಮೊದಲ ಚುನಾವಣೆ ನಡೆಯಿತು. 1942ರಲ್ಲಿ ಪಾಲಿಕೆಯ ಸ್ಥಾನವನ್ನು ಹಿಂತೆಗೆದುಕೊಂಡು, 1950ರ ಕಾಯಿದೆಯ ಮೂಲಕ ಮತ್ತೆ ನೀಡಲಾಯಿತು. 1951ರಲ್ಲಿ ಮಾಡಪಾಟಿ ಹನುಮಂತರಾವ್ ಮೊದಲ ಮೇಯರ್ ಆದರು. ರಾಯಚೂರು, ಗುಲ್ಬರ್ಗ, ಬೀದರ್ ಜಿಲ್ಲೆಗಳು ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ ಈ ಬೆಳವಣಿಗೆಗಳು ಕನ್ನಡ ಜಿಲ್ಲೆಗಳಿಗೆ ದೂರದ ಸುದ್ದಿಯಾಗಿರಲಿಲ್ಲ. 1956ರ ಹೈದರಾಬಾದ್ ಜಿಲ್ಲಾ ಪುರಸಭೆಗಳ ಕಾಯಿದೆಯು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಕೆಲಕಾಲ ಅಲ್ಲಿ ಜಾರಿಯಲ್ಲಿದ್ದು, 1964ರ ಪುರಸಭೆಗಳ ಕಾಯಿದೆ ಬಂದ ಬಳಿಕ ರದ್ದಾಯಿತು. ನೆರೆಯ ಸಿಕಂದರಾಬಾದಿನ ಪಾಲಿಕೆಯು 1960ರಲ್ಲಿ ಹೈದರಾಬಾದ್ ಪಾಲಿಕೆಯಲ್ಲಿ ವಿಲೀನವಾಯಿತು.

ಇಂದಿಗೂ ಆಧಾರವಾಗಿರುವ 1955ರ ಪಾಲಿಕೆ ಕಾಯಿದೆಯು ವಾರ್ಷಿಕ ಲೆಕ್ಕವನ್ನು ಒಂದು ತಿಥಿಪಟ್ಟಿಗೆ ಕಟ್ಟಿಹಾಕಿದೆ. ಆಯುಕ್ತರು ಆಯವ್ಯಯದ ಕರಡನ್ನು ನವೆಂಬರ್ 10ರೊಳಗೆ ಸ್ಥಾಯಿ ಸಮಿತಿಗೆ, ಅಂದರೆ ಕಾರ್ಪೊರೇಟರುಗಳು ತಮ್ಮೊಳಗಿಂದ ವರ್ಷವರ್ಷ ಆರಿಸುವ ಮತ್ತು ಮೇಯರ್ ಅಧ್ಯಕ್ಷತೆ ವಹಿಸುವ ಚಿಕ್ಕ ಸಮಿತಿಗೆ, ಒಪ್ಪಿಸಬೇಕು. ಸಮಿತಿಯು ಡಿಸೆಂಬರ್ 10ರೊಳಗೆ ಅದನ್ನು ತಿದ್ದಿ ಅಂಗೀಕರಿಸಿ, ಜನವರಿ 10ರ ಹೊತ್ತಿಗೆ ಸಾಮಾನ್ಯ ಸಭೆಯ ಮುಂದಿಡಬೇಕು. ಸಭೆಯು ಫೆಬ್ರವರಿ 20ರೊಳಗೆ ಒಪ್ಪಿಗೆ ಕೊಟ್ಟು, ಮಾರ್ಚ್ 7ರೊಳಗೆ ರಾಜ್ಯ ಸರ್ಕಾರಕ್ಕೆ ಕಳುಹಿಸಬೇಕು. ಆಯವ್ಯಯ ಪುಸ್ತಕವನ್ನು ತೆರೆದರೆ ಪ್ರತಿ ಬಾಬಿನ ಎದುರು ಹಿಂದಿನ ವರ್ಷದ ನಿಜವಾದ ಖರ್ಚು, ನಡೆಯುತ್ತಿರುವ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಅಕ್ಕಪಕ್ಕದ ಅಂಕಣಗಳಲ್ಲಿ ಇರುತ್ತವೆ. ನಗರದ ಪ್ರಗತಿ ವಿಮರ್ಶೆ ಎಂದು ಪ್ರತ್ಯೇಕ ಭಾಷಣ ಬೇಕಿಲ್ಲ: ಚರಂಡಿಯ ಬಾಬಿನಲ್ಲಿ ಮೊದಲ ಅಂಕಣ ಚಿಕ್ಕದಾಗಿದ್ದು ಮೂರನೆಯದು ದೊಡ್ಡದಾಗಿದ್ದರೆ, ಹೋದ ವರ್ಷದ ಮಾತು ನಡೆದಿಲ್ಲ, ಈ ವರ್ಷ ಇನ್ನೂ ದೊಡ್ಡ ಮಾತು ಕೊಡಲಾಗಿದೆ ಎಂದು ಓದುವವರಿಗೆ ತಾನಾಗಿ ತಿಳಿಯುತ್ತದೆ. ಒಟ್ಟು ಮೊತ್ತ ಏರುತ್ತಲೇ ಇದೆ. 2024–25ಕ್ಕೆ 7,937 ಕೋಟಿ ರೂಪಾಯಿ, 2025–26ಕ್ಕೆ 8,440 ಕೋಟಿ. ಟ್ಯಾಂಕ್‌ಬಂಡ್ ಬಳಿಯ ಪ್ರಧಾನ ಕಚೇರಿಯ ಸಾಮಾನ್ಯ ಸಭೆಗಳಲ್ಲಿ ಗದ್ದಲಕ್ಕೆ ಸಿಗುವ ಸಮಯ ಮೊದಲ ಅಂಕಣಕ್ಕೆ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಗದ್ದಲವಾದರೂ ನಡೆಯಬೇಕಾದರೆ ಸಭೆ ಇರಬೇಕು. 1970ರಿಂದ 1986ರವರೆಗೆ ಹೈದರಾಬಾದಿನಲ್ಲಿ ಚುನಾಯಿತ ಮಂಡಳಿಯೇ ಇರಲಿಲ್ಲ. 1986ರಲ್ಲಿ ಬಂದ ಮಂಡಳಿ 1991ರಲ್ಲಿ ಅವಧಿ ಮುಗಿಸಿದ ಮೇಲೆ 2002ರವರೆಗೆ ಮತ್ತೆ ಅದೇ ಸ್ಥಿತಿ. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ವಿಧಿಸುವ ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದಿದ್ದರೂ ಹೈದರಾಬಾದ್ ಒಂಬತ್ತು ವರ್ಷ ಕಾಯಿತು. ವಿಶೇಷಾಧಿಕಾರಿಗಳ ಆಡಳಿತವು ಎಲ್ಲ ರೀತಿಯಲ್ಲಿ ಕೆಟ್ಟದ್ದಾಗಿತ್ತು ಎನ್ನಲಾಗದು. ಮನೆ ಮಾಲೀಕರೇ ತಮ್ಮ ಆಸ್ತಿ ತೆರಿಗೆಯನ್ನು ಲೆಕ್ಕ ಹಾಕಿ ಸಲ್ಲಿಸುವ ಸ್ವಯಂ ಘೋಷಣೆ ಪದ್ಧತಿ 1999ರಲ್ಲಿ ಜಾರಿಗೆ ಬಂದು ವರಮಾನವನ್ನು ಹೆಚ್ಚಿಸಿದ್ದು ಆ ಅವಧಿಯಲ್ಲಿಯೇ. ಆದರೆ ಕಾಯಿದೆ ಹೇಳುವ ಸ್ಥಾಯಿ ಸಮಿತಿಯ ಅಧಿಕಾರವೂ ಸಾಮಾನ್ಯ ಸಭೆಯ ಅಧಿಕಾರವೂ ಒಬ್ಬರೇ ಅಧಿಕಾರಿಯಲ್ಲಿ ಸೇರಿಕೊಂಡಾಗ, ವರದಿ ಬರೆದವರೂ ವರದಿಯನ್ನು ಒಪ್ಪಿದವರೂ ಒಂದೇ ಕೈಯವರಾಗುತ್ತಾರೆ. 2002ರಲ್ಲಿ ತೀಗಲ ಕೃಷ್ಣಾರೆಡ್ಡಿ ಜನರಿಂದ ನೇರವಾಗಿ ಮೇಯರ್ ಆಗಿ ಆಯ್ಕೆಯಾದರು. 2007ರ ಏಪ್ರಿಲ್ 16ರಂದು ಸುತ್ತಲಿನ 12 ಪುರಸಭೆಗಳನ್ನೂ 8 ಗ್ರಾಮ ಪಂಚಾಯತಿಗಳನ್ನೂ ಸೇರಿಸಿ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆ ರಚನೆಯಾದಾಗ ಮತ್ತೆ ಎರಡೂವರೆ ವರ್ಷ ಮಂಡಳಿ ಇರಲಿಲ್ಲ. 2009ರ ಕೊನೆಯಲ್ಲಿ 150 ವಾರ್ಡುಗಳಿಗೆ ಚುನಾವಣೆ ನಡೆದು ಬಂಡ ಕಾರ್ತಿಕಾ ರೆಡ್ಡಿ ಮೇಯರ್ ಆದರು. ಅದೇ 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬೃಹತ್ ಪಾಲಿಕೆಯು 2020ರ ಸೆಪ್ಟೆಂಬರಿನಿಂದ ಕಾರ್ಪೊರೇಟರುಗಳಿಲ್ಲದೆ ಉಳಿದದ್ದನ್ನು ಬಲ್ಲ ಕನ್ನಡ ಓದುಗರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ.

ಕೇಳುವವರಿಲ್ಲದ ಗುರಿಗೆ ಏನಾಗುತ್ತದೆ ಎಂಬುದಕ್ಕೆ ನಾಲಾಗಳಿಗಿಂತ ಸ್ಪಷ್ಟವಾದ ನಿದರ್ಶನ ಇನ್ನೊಂದಿಲ್ಲ. ಕೆರೆಯಿಂದ ಕೆರೆಗೆ, ಕೆರೆಯಿಂದ ಮೂಸಿಗೆ ಮಳೆನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳನ್ನು ಹೈದರಾಬಾದಿನಲ್ಲಿ ನಾಲಾ ಎನ್ನುತ್ತಾರೆ. 2000ದ ಆಗಸ್ಟ್ 24ರಂದು ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆ ಸುರಿದು ನಗರ ಮುಳುಗಿದ ಮೇಲೆ ಕಿರ್ಲೋಸ್ಕರ್ ಸಲಹಾ ಸಂಸ್ಥೆಯಿಂದ ಅಧ್ಯಯನ ಮಾಡಿಸಲಾಯಿತು. ನಾಲಾಗಳನ್ನು ಅಗಲಗೊಳಿಸಬೇಕು, ಒತ್ತುವರಿ ತೆರವಾಗಬೇಕು ಎಂಬುದು 2003ರ ಅದರ ವರದಿಯ ಸಾರ. ಅಲ್ಲಿಂದ ಮುಂದೆ ನಾಲಾ ಅಗಲೀಕರಣವು ವರ್ಷವರ್ಷದ ಗುರಿಗಳಲ್ಲಿ ಕಾಣಿಸಿಕೊಳ್ಳುತ್ತಲೇ ಹೋಯಿತು. ಪ್ರತಿ ಬೇಸಿಗೆಯಲ್ಲಿ ಹೂಳೆತ್ತುವುದು ಸುಲಭ, ಏಕೆಂದರೆ ಅದಕ್ಕೆ ಗುತ್ತಿಗೆ ಕರೆದರೆ ಸಾಕು. ದಡದ ಮೇಲೆ ಮನೆ ಕಟ್ಟಿಕೊಂಡವರಿಗೆ ಬೇರೆ ನೆಲೆ ತೋರಿಸಿ ಗೋಡೆ ಹಿಂದಕ್ಕೆ ಸರಿಸುವುದಕ್ಕೆ ಕಂದಾಯ, ವಸತಿ, ಪಾಲಿಕೆ ಮೂರೂ ಕಡೆಯ ಒಪ್ಪಿಗೆ ಬೇಕು. 2020ರ ಅಕ್ಟೋಬರ್ 13ರಂದು ಬೇಗಂಪೇಟೆಯಲ್ಲಿ ಸುಮಾರು 19 ಸೆಂಟಿಮೀಟರ್ ಮಳೆ ಬಿದ್ದಾಗ ನಗರ ಮತ್ತೆ ಮುಳುಗಿತು. ಆ ಬಳಿಕವೇ ನಾಲಾಗಳಿಗೆಂದು ಪ್ರತ್ಯೇಕ ಯೋಜನೆಯೊಂದು ಗಂಭೀರವಾಗಿ ಕೈಗೂಡಿದ್ದು. ಎರಡು ಮಳೆಗಳ ನಡುವೆ ಇಪ್ಪತ್ತು ವರ್ಷಗಳ ಆಯವ್ಯಯ ಪುಸ್ತಕಗಳಿವೆ.

ಲೆಕ್ಕವನ್ನು ಜನರ ಬಳಿಗೆ ಒಯ್ಯುವ ಯತ್ನಗಳೂ ಈ ಅವಧಿಯಲ್ಲಿ ನಡೆದವು. 2015ರ ಮೇ ತಿಂಗಳ ಸ್ವಚ್ಛ ಹೈದರಾಬಾದ್ ಕಾರ್ಯಕ್ರಮದಲ್ಲಿ ನಗರವನ್ನು ಸುಮಾರು 400 ಘಟಕಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಪ್ರಮುಖರನ್ನು ನಿಯೋಜಿಸಿ, ನಿವಾಸಿಗಳ ಬೇಡಿಕೆಗಳನ್ನು ಗುರುತುಹಾಕಿಕೊಳ್ಳಲಾಯಿತು. 2016ರ ಚುನಾವಣೆಯ ಬಳಿಕ ಜೂನ್ 2ರ ತೆಲಂಗಾಣ ರಾಜ್ಯೋದಯ ದಿನದ ಹೊತ್ತಿಗೆ ಮುಗಿಯಬೇಕೆಂದು ನೂರು ದಿನಗಳ ಕಾರ್ಯಯೋಜನೆ ಪ್ರಕಟವಾಯಿತು. ಗುರಿಗೆ ದಿನಾಂಕ ಕಟ್ಟಿದ್ದು ಅದರ ಗುಣ, ನೂರು ದಿನದಲ್ಲಿ ಆಗುವಂಥವನ್ನೇ ಗುರಿಯಾಗಿ ಆರಿಸಿಕೊಳ್ಳುವ ಪ್ರಲೋಭನೆ ಅದರ ದೋಷ. 2018ರ ಫೆಬ್ರವರಿಯಲ್ಲಿ ಪಾಲಿಕೆಯು ಶೇ. 8.9ರ ಬಡ್ಡಿಗೆ 200 ಕೋಟಿ ರೂಪಾಯಿಯ ಸಾಲಪತ್ರಗಳನ್ನು ಮಾರಿದಾಗ, ಲೆಕ್ಕಪತ್ರ ಮತ್ತು ಸಾಲಾರ್ಹತೆಯ ವಿವರಗಳನ್ನು ಹೂಡಿಕೆದಾರರಿಗೆ ಕಾಲಕಾಲಕ್ಕೆ ತಿಳಿಸುವುದು ಕಡ್ಡಾಯವಾಯಿತು. ತೆರಿಗೆ ಕಟ್ಟುವವರಿಗಿಂತ ಸಾಲ ಕೊಟ್ಟವರಿಗೆ ಹೆಚ್ಚು ಕ್ರಮಬದ್ಧವಾಗಿ ಲೆಕ್ಕ ಸಿಗುವಂತಾದದ್ದು ವಿಚಿತ್ರವಾದರೂ ಅದರಿಂದ ಲೆಕ್ಕದ ಶಿಸ್ತು ಬೆಳೆಯಿತು.

2020ರ ಅಕ್ಟೋಬರಿನ ಕಾಯಿದೆ ತಿದ್ದುಪಡಿಯು ಆಯವ್ಯಯದ ಹತ್ತನೆಯ ಒಂದು ಭಾಗವನ್ನು ಹಸಿರಿಗೆ ಮೀಸಲಿಡಬೇಕೆಂದೂ ವಾರ್ಡುಗಳಲ್ಲಿ ಅರ್ಧ ಮಹಿಳೆಯರಿಗೆಂದೂ ವಿಧಿಸಿತು; ಜೊತೆಗೆ ಯುವಕರು, ಮಹಿಳೆಯರು, ಹಿರಿಯ ನಾಗರಿಕರು, ಗಣ್ಯರು ಎಂದು ಪ್ರತಿ ವಾರ್ಡಿಗೆ ನಾಲ್ಕು ಸಮಿತಿಗಳನ್ನು ಸೂಚಿಸಿತು. ಅದೇ ವರ್ಷದ ಡಿಸೆಂಬರ್ 1ರ ಪಾಲಿಕೆ ಚುನಾವಣೆಯ ಮತದಾನದಲ್ಲಿ ಅರ್ಧಕ್ಕಿಂತ ಕಡಿಮೆ ಮತದಾರರು ಮತಗಟ್ಟೆಗೆ ಬಂದರು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. 2023ರ ಜೂನ್ 16ರಂದು ಕಾಚಿಗೂಡದಲ್ಲಿ ಉದ್ಘಾಟನೆಗೊಂಡ ವಾರ್ಡ್ ಕಚೇರಿ ವ್ಯವಸ್ಥೆಯು ಇವೆಲ್ಲಕ್ಕಿಂತ ಹೆಚ್ಚು ಕಾರ್ಯಸಾಧ್ಯವಾದ ಕಲ್ಪನೆ. ವಾರ್ಡ್ ಆಡಳಿತಾಧಿಕಾರಿಯ ಕೈಕೆಳಗೆ ರಸ್ತೆ ದುರಸ್ತಿ ನೋಡುವ ಎಂಜಿನಿಯರ್, ಕಟ್ಟಡ ಪರವಾನಗಿಯ ಸಹಾಯಕ, ನೈರ್ಮಲ್ಯ ಜವಾನ, ಸೊಳ್ಳೆ ನಿಯಂತ್ರಣದ ಸಹಾಯಕ, ಗಿಡಮರಗಳ ಮೇಲ್ವಿಚಾರಕ, ಮಹಿಳಾ ಸಂಘಗಳ ಸಂಘಟಕ ಇವರೊಂದಿಗೆ ಜಲಮಂಡಳಿಯ ಸಹಾಯಕ ಮತ್ತು ವಿದ್ಯುತ್ ಕಂಪನಿಯ ಲೈನ್‌ಮನ್ ಕೂಡ ಒಂದೇ ಕಚೇರಿಯಲ್ಲಿ ಕೂರಬೇಕೆಂಬುದು ಅದರ ತಿರುಳು. 1912ರಿಂದ ಬೇರೆಬೇರೆಯಾಗುತ್ತ ಹೋದ ಇಲಾಖೆಗಳನ್ನು ಮೇಲೆ ಒಂದುಗೂಡಿಸಲಾಗದೆ ಕೆಳಗೆ, ಓಣಿಯ ಮಟ್ಟದಲ್ಲಿ ಒಂದುಗೂಡಿಸಿದ ಯತ್ನವಿದು. ಕಚೇರಿಗೆ ಕೊಟ್ಟ ಸಿಬ್ಬಂದಿ ಅಲ್ಲಿಯೇ ಉಳಿದರೆ ಮಾತ್ರ ಇದು ನಿಲ್ಲುತ್ತದೆ.

2025ರ ಡಿಸೆಂಬರಿನಲ್ಲಿ ಸುತ್ತಲಿನ 27 ನಗರ ಸ್ಥಳೀಯ ಸಂಸ್ಥೆಗಳು ವಿಲೀನಗೊಂಡದ್ದರಿಂದ ಲೆಕ್ಕ ಒಪ್ಪಿಸಬೇಕಾದ ಪ್ರದೇಶ ಹಲವು ಪಟ್ಟು ದೊಡ್ಡದಾಯಿತು. 2021ರ ಫೆಬ್ರವರಿಯಲ್ಲಿ ಅಧಿಕಾರ ವಹಿಸಿಕೊಂಡ ಮಂಡಳಿಯ ಐದು ವರ್ಷಗಳ ಅವಧಿಯೂ 2026ರ ಫೆಬ್ರವರಿಗೇ ಕೊನೆಗೊಳ್ಳುವಂಥದ್ದು. ಕಾಚಿಗೂಡ, ಬರ್ಕತ್‌ಪುರದಂಥ ಹಳೆಯ ಬಡಾವಣೆಗಳಲ್ಲಿಯೂ ಪಶ್ಚಿಮದ ಹೊಸ ಬಡಾವಣೆಗಳಲ್ಲಿಯೂ ಇರುವ ಕನ್ನಡ ಕುಟುಂಬಗಳ ಸಂಘಗಳು ರಾಜ್ಯೋತ್ಸವವನ್ನು ಆಚರಿಸುವ ನವೆಂಬರ್ ತಿಂಗಳೇ ಪಾಲಿಕೆಯ ಕರಡು ಆಯವ್ಯಯ ಸಿದ್ಧವಾಗುವ ತಿಂಗಳು. ರಸ್ತೆಗೆ, ಉದ್ಯಾನಕ್ಕೆ, ನಾಲಾಕ್ಕೆ ಏನಾಗಬೇಕೆಂಬ ಅಹವಾಲನ್ನು ಜನವರಿಯಲ್ಲಿ ಕೊಟ್ಟರೆ ಅದು ಬಹುಮಟ್ಟಿಗೆ ಮುಗಿದ ಪುಸ್ತಕಕ್ಕೆ ಸೇರಿಸುವ ಚೀಟಿಯಾಗುತ್ತದೆ. ಆದುದರಿಂದ ಸಂಘಗಳು ತಮ್ಮ ವಾರ್ಡಿನ ಬೇಡಿಕೆಗಳನ್ನು ಅಕ್ಟೋಬರ್ ಮುಗಿಯುವುದರೊಳಗೆ ವಾರ್ಡ್ ಕಚೇರಿಗೆ ಬರೆದು ಕೊಡಬೇಕು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು, ಎರಡು ವರ್ಷ ಕಳೆದ ಮೇಲೆ ಅದೇ ಬಾಬಿನ ಮೊದಲ ಅಂಕಣವನ್ನು ತೆಗೆದು ನೋಡಬೇಕು.