ಭಂಗಾರದ ತೂಕ: ಸೊಲ್ಲಾಪುರದ ಒಂದು ಶೆಡ್ಡಿನ ಚರಿತ್ರೆ

ನನಗಿಂತ ಮೊದಲು ಮಾತಾಡಿದ ಗೆಳೆಯರು ಶಾಲೆ, ದಾಖಲೆ, ಚಳವಳಿಗಳ ಮೂಲಕ ಗಡಿಯ ಕನ್ನಡವನ್ನು ನೋಡಿದರು. ನಾನು ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಿಂದ ನೋಡ್ತೀನಿ. ಆ ಶೆಡ್ಡು ಈಗ ಇಲ್ಲ. ಯಾಕೆ ಇಲ್ಲ ಅನ್ನೋದೂ ಈ ಪ್ರಬಂಧದ ಭಾಗವೇ.

ಮೊದಲು ಒಂದು ಶಬ್ದ. ಸೊಲ್ಲಾಪುರದ ನಮ್ಮ ಓಣಿಗೆ ತಳ್ಳುಗಾಡಿಯವನು ‘ಭಂಗಾರ, ಭಂಗಾರ’ ಅಂತ ಕೂಗ್ತಾ ಬರ್ತಾನೆ. ಮರಾಠಿಯಲ್ಲಿ ಭಂಗಾರ ಅಂದರೆ ಹಳೆ ಕಬ್ಬಿಣ, ಮುರುಕು ಸಾಮಾನು. ಬೆಂಗಳೂರಿನವರು ಗುಜರಿ ಅಂತಾರಲ್ಲ, ಅದು. ನಮ್ಮ ಕನ್ನಡದ ಬಾಯಲ್ಲಿ ಮಹಾಪ್ರಾಣ ಸರಿಯಾಗಿ ನಿಲ್ಲೋದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಚಿನ್ನವೂ ಬಂಗಾರ, ತುಕ್ಕು ಹಿಡಿದ ಕಬ್ಬಿಣವೂ ಬಂಗಾರ. ಅಜ್ಜನ ಶೆಡ್ಡಿಗೆ ನಮ್ಮ ಆಯಿ (ಅಜ್ಜಿಗೆ ನಾವು ಆಯಿ ಅಂತೀವಿ) ಇಟ್ಟ ಹೆಸರು ‘ಬಂಗಾರದ ಅಂಗಡಿ’. ಅದರಲ್ಲಿ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು.

ಅಜ್ಜ ಒಂದು ಗಿರಣಿಯಲ್ಲಿ ಫಿಟ್ಟರ್ ಕೈಕೆಳಗೆ ಕೆಲಸ ಮಾಡ್ತಿದ್ದರು. ರೈಲು ಬಂದ ಮೇಲೆ, 1870ರ ದಶಕದಲ್ಲಿ, ಸೊಲ್ಲಾಪುರದಲ್ಲಿ ನೂಲಿನ ಗಿರಣಿ ಹುಟ್ಟಿತು. ಊರ ಜನ ಅದನ್ನು ಇವತ್ತಿಗೂ ‘ಜುನಿ ಗಿರಣಿ’ ಅಂತಾರೆ, ಅಂದರೆ ಹಳೆ ಗಿರಣಿ. ಕಾನೂನು ಓದಿದವರಿಗೆ ಅದರ ಹೆಸರು ಗೊತ್ತಿರುತ್ತದೆ: 1949ರಲ್ಲಿ ಗಿರಣಿ ನಿಂತು, 1950ರಲ್ಲಿ ಸರ್ಕಾರ ಅದರ ಆಡಳಿತ ವಹಿಸಿಕೊಂಡಾಗ ಆ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಆಮೇಲೆ, 20ನೇ ಶತಮಾನದ ಕೊನೆಯ ದಶಕಗಳಲ್ಲಿ, ಊರಿನ ದೊಡ್ಡ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಂಪನಿ, ಕೋರ್ಟು, ಮುಷ್ಕರ ಇವುಗಳ ಚರಿತ್ರೆ ಕಾಗದದಲ್ಲಿದೆ. ಗಿರಣಿಯೊಳಗಿನ ಕಬ್ಬಿಣ ಮುಂದೆ ಎಲ್ಲಿಗೆ ಹೋಯಿತು, ಯಾರ ಮನೆಯಲ್ಲಿ ಏನಾಗಿ ಉಳಿಯಿತು ಅನ್ನೋದು ಕಾಗದದಲ್ಲಿಲ್ಲ.

ಈಗ ತೆರೆಯ ಮೇಲಿನ ಚಿತ್ರ ನೋಡಿ. ಇದು ಕಂಡಿಕೆ ಸುತ್ತುವ ರಾಟೆ. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ಹೊಕ್ಕಿನ ನೂಲು ಸುತ್ತಬೇಕಲ್ಲ, ಅದಕ್ಕೆ. ಚಕ್ರ ಸೈಕಲ್ಲಿನ ರಿಮ್ಮು. ನಿಲ್ಲಿಸಿದ ಎರಡು ಗೂಟ ಹೊಲದ ಬದುವಿನ ಜಾಲಿ. ತಿರುಗುವ ಕದಿರು ಗಿರಣಿಯ ಸ್ಪಿಂಡಲ್. ಕದಿರನ್ನು ಹಿಡಿದಿರುವ ತುಂಡುಗಳು ಹಳೆ ಚಪ್ಪಲಿಯ ತೊಗಲು. ಅಂದರೆ ರಸ್ತೆ, ಹೊಲ, ಗಿರಣಿ, ಕಾಲು, ಈ ನಾಲ್ಕು ಕಡೆಯ ಭಂಗಾರ ಸೇರಿ ಒಂದು ಉಪಕರಣ. ಇಂಥ ರಾಟೆ ನಮ್ಮಲ್ಲಿ ಮಾತ್ರ ಇರೋದಲ್ಲ. ಕೈಮಗ್ಗ ಇರುವ ಎಷ್ಟೋ ಊರುಗಳಲ್ಲಿ ನೋಡಬಹುದು. ಆದರೆ ಪ್ರತಿಯೊಂದನ್ನೂ ಯಾರೋ ಒಬ್ಬರು ಕೈಗೆ ಸಿಕ್ಕಿದ್ದರಲ್ಲಿ ಹೊಸದಾಗಿ ಜೋಡಿಸಿರ್ತಾರೆ.

ಇದು ಬರೀ ಬಡತನದ ಜೋಡಣೆ ಅಂತ ತಿಳೀಬಾರದು. ಹಳೆ ಮರದ ರಾಟೆಯಲ್ಲಿ ಅಚ್ಚು ಮರದ ತೂತಿನಲ್ಲೇ ಉಜ್ಜುತ್ತಾ ತಿರುಗುತ್ತದೆ. ಸೈಕಲ್ ಹಬ್ಬಿನೊಳಗೆ ಉಕ್ಕಿನ ಗುಂಡುಗಳಿವೆ, ಹಾಗಾಗಿ ಬೆರಳು ತಾಗಿಸಿದರೆ ಸಾಕು, ತಿರುಗುತ್ತದೆ. ಟೈರ್ ಕೂರುವ ತಗ್ಗಿನಲ್ಲಿ ಹುರಿ ತಾನಾಗಿ ನಿಲ್ಲುತ್ತದೆ. 28 ಇಂಚಿನ ಸೈಕಲ್ ಅಂತ ನಾವು ಕರೆಯೋದರ ರಿಮ್ಮು ಟೈರ್ ಬಿಟ್ಟರೆ ಸುಮಾರು 25 ಇಂಚು. ಕದಿರಿನ ಮೇಲೆ ಹುರಿ ಕೂರುವ ಗಾಲಿ 1 ಇಂಚು ಇದ್ದರೆ, ಚಕ್ರ ಒಂದು ಸುತ್ತು ತಿರುಗುವಾಗ ಕದಿರು ಹತ್ತಿರಹತ್ತಿರ 25 ಸುತ್ತು ತಿರುಗುತ್ತದೆ. ಈ ಲೆಕ್ಕ ಅಜ್ಜ ಬರೆದಿಟ್ಟಿರಲಿಲ್ಲ. ಗಾಲಿ ಕೆತ್ತುವಾಗ ಹೆಬ್ಬೆರಳಿನ ಅಳತೆ ಹಿಡೀತಿದ್ದರು, ಅಷ್ಟೇ.

ಇಲ್ಲಿ ನಾನು ಮೊದಲು ಮಾಡಿದ ತಪ್ಪನ್ನು ಹೇಳ್ತೀನಿ. ರಾಟೆಯ ಕತೆಯನ್ನು ‘ಅಜ್ಜನ ಜಾಣತನ’ ಅಂತ ಬರೆದು ನಮ್ಮ ಸೋದರತ್ತೆಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, “ಅಂವ ಮಾಡ್ಯಾನ ಖರೆ. ತಿರುವಿದಾಕಿ ಯಾರು?” ಅಂದರು. ಕಂಡಿಕೆ ಸುತ್ತೋದು ಆಯಿಯ ಕೆಲಸ, ಆಮೇಲೆ ಅತ್ತೆಯ ಕೆಲಸ. ಆಯಿಗೆ ರಟ್ಟೆ ನೋವು ಬಂದ ಮೇಲೆ, ಆಕೆಯೇ ಹಟ ಹಿಡಿದು ಮರದ ಚಕ್ರ ತೆಗೆಸಿ ಸೈಕಲ್ ಚಕ್ರ ಹಾಕಿಸಿದಳಂತೆ. ಹಿಡಿಕೆ ಎಷ್ಟು ಎತ್ತರಕ್ಕೆ ಬರಬೇಕು ಅಂತ ಕೂತು ತೋರಿಸಿದವಳೂ ಆಕೆಯೇ. ದುರಸ್ತಿಯ ಚರಿತ್ರೆ ಬರೆಯುವಾಗ ಸುತ್ತಿಗೆ ಹಿಡಿದವರನ್ನು ಮಾತ್ರ ನೋಡಿದರೆ ಅರ್ಧ ಕತೆ ತಪ್ಪುತ್ತದೆ.

ಕಾಲ ಗೊತ್ತುಮಾಡೋದು ಇನ್ನೊಂದು ಕಷ್ಟ. ಹಬ್ಬಿನ ಮೇಲೆ ‘ಮೇಡ್ ಇನ್ ಇಂಗ್ಲೆಂಡ್’ ಅನ್ನುವ ಅಕ್ಷರ ಮಸುಕಾಗಿ ಉಳಿದಿದೆ. ನಮ್ಮ ದೇಶದ ಹಲವು ದೊಡ್ಡ ಸೈಕಲ್ ಕಾರ್ಖಾನೆಗಳು ಬಂದದ್ದು ಸ್ವಾತಂತ್ರ್ಯದ ನಂತರ: ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ಹಾಗಂತ ನಮ್ಮ ರಾಟೆ 1949ಕ್ಕಿಂತ ಹಳೆಯದು ಅನ್ನೋಕೆ ಬರೋದಿಲ್ಲ. ಆ ಹಬ್ಬು ಯಾವಾಗ ಹುಟ್ಟಿರಬಹುದು ಅಂತ ಅಕ್ಷರ ಹೇಳ್ತದೆ. ಸೈಕಲ್ ಸತ್ತು ಅದು ರಾಟೆ ಸೇರಿದ್ದು ಯಾವಾಗ ಅಂತ ಹೇಳೋದಿಲ್ಲ. ಕದಿರಿನ ಕತೆಯೂ ಹಾಗೇ. “ಲಿಲಾವಿನಾಗ ತಂದೀನಿ” ಅಂತ ಅಜ್ಜ ಹೇಳ್ತಿದ್ದರು. ಊಟದ ಡಬ್ಬಿಯಲ್ಲಿ ಬಂತು ಅಂತ ಅತ್ತೆ ನಗ್ತಾರೆ. ಲಿಲಾವಿನ ಪಾವತಿ ಇಲ್ಲ. ಎರಡನ್ನೂ ಬರೆದುಕೊಂಡಿದ್ದೀನಿ.

ಹಾಗಾದರೆ ಇದರಲ್ಲಿ ಗಡಿಯ ಕನ್ನಡ ಎಲ್ಲಿದೆ? 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಹಳ್ಳಿಗಳನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಆ ವಾದದಲ್ಲಿ ಒಂದು ಮನೆಗೆ ಒಂದು ಮಾತೃಭಾಷೆ ಅಂತ ಲೆಕ್ಕ ಹಿಡಿದರು. ಶೆಡ್ಡಿನಲ್ಲಿ ಆ ಲೆಕ್ಕ ನಡೆಯೋದಿಲ್ಲ. ಸೊಲ್ಲಾಪುರದ ನೇಕಾರರಲ್ಲಿ ತೆಲುಗಿನ ಪದ್ಮಶಾಲಿಗಳೇ ಬಹಳ. ಉರ್ದು ಮಾತಾಡುವ ಮೋಮಿನರಿದ್ದಾರೆ. ಬಜಾರದ ಮಾತು ಮರಾಠಿ. ಅವರೆಲ್ಲರ ಮುರಿದ ಸಾಮಾನು ಅಜ್ಜನ ಮುಂದೆ ಬರ್ತಿತ್ತು. ಒಂದೇ ಸಾಮಾನನ್ನು ನಾವು ಲಾಳಿ ಅಂದರೆ, ಮರಾಠಿಯವರು ಧೋಟಾ, ತೆಲುಗಿನವರು ನಾಡೆ. ನಮ್ಮ ಕಂಡಿಕೆ ಮಾತ್ರ ಮರಾಠಿಯ ಕಾಂಡಿಗೂ ತೆಲುಗಿನ ಕಂಡೆಗೂ ಅಕ್ಕತಂಗಿಯ ಹಾಗಿದೆ. ಬಂದವರ ಮಾತಿನಲ್ಲೇ ಅಜ್ಜ ದುರಸ್ತಿ ಕೇಳಿಸಿಕೊಳ್ಳೋರು. ತಮ್ಮ ಕೈಗೆ ಮಾತ್ರ ಕನ್ನಡದಲ್ಲಿ ಹೇಳಿಕೊಳ್ಳೋರು. ನನ್ನ ವಾದ ಇಷ್ಟೇ: ಶಾಲೆ ಮರಾಠಿಯಾದ ಮೇಲೂ ನಮ್ಮಂಥ ಮನೆಗಳಲ್ಲಿ ಕನ್ನಡ ಉಳಿದ ಜಾಗಗಳಲ್ಲಿ ಈ ಕೆಲಸದ ಜಾಗವೂ ಒಂದು. ಅಲ್ಲಿ ಅದು ಬೇರೆ ಭಾಷೆಗಳನ್ನು ಹೊರಗಿಟ್ಟು ಉಳೀಲಿಲ್ಲ, ಅವುಗಳ ಜತೆ ಕೂತು ಉಳೀತು.

ಊರಿನಿಂದ ಹಳ್ಳಿಗೂ ಈ ದಾರಿ ಇತ್ತು. ಅಕ್ಕಲಕೋಟ ಕಡೆಯ ನಮ್ಮ ಬೀಗರಿಗೆ ಅಜ್ಜ ಲಾರಿಯ ಮುರಿದ ಪಾಟಾ ಕಳಿಸೋರು. ಶೆಡ್ಡಿನಲ್ಲಿ ಕುಲುಮೆ ಇರಲಿಲ್ಲ. ಹಳ್ಳಿಯ ಕಂಬಾರ ಅದನ್ನು ಕೆಂಪಗೆ ಕಾಸಿ, ಬಡಿದು, ನೀರು ಕುಡಿಸಿ ಕುಂಟೆಯ ಕುಡ ಮಾಡಿಕೊಡ್ತಿದ್ದ. ಸುಗ್ಗಿಯಲ್ಲಿ ಜೋಳದ ಆಯ ತಗೊಂಡು ಹೋಗ್ತಿದ್ದ. ಪಾಟಾದ ಉಕ್ಕು ಬರೀ ಕಬ್ಬಿಣಕ್ಕಿಂತ ಗಟ್ಟಿ, ಬೇಗ ಸವೆಯೋದಿಲ್ಲ. ಲಾರಿಯ ಭಾರ ಹೊತ್ತದ್ದು ಕೊನೆಗೆ ಎರೆಹೊಲ ಹರಗಿತು.

ಹೋಲಿಕೆಗೆ ಒಂದು ಹೆಸರು ಹೇಳ್ತೀನಿ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ತಯಾರಿಸಿ, 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಜತ್ತ ಇರುವ ಸಾಂಗಲಿ ಜಿಲ್ಲೆಯಲ್ಲೇ ಆ ಊರೂ ಇದೆ. ಆ ಅಂಗಡಿ ಕಾರ್ಖಾನೆ ಆಯಿತು, ಹಾಗಾಗಿ ಅದರ ಮೊದಲ ದಿನಗಳೂ ಚರಿತ್ರೆ ಆದವು. ಕಾರ್ಖಾನೆ ಆಗದ ಶೆಡ್ಡುಗಳು ಚರಿತ್ರೆಯೇ ಅಲ್ಲವೇ?

ಕೊನೆಗೆ, ನಮ್ಮ ಶೆಡ್ಡು ಏನಾಯಿತು ಅಂತ. ಅಜ್ಜ ತೀರಿಕೊಂಡ ಮರುವರ್ಷ ಮನೆ ರಿಪೇರಿಗೆ ಜಾಗ ಬೇಕಾಯಿತು. ಭಂಗಾರದವನನ್ನು ಕರೆದವನು ನಾನೇ. ಎಣ್ಣೆ ಡಬ್ಬಿಗಳಲ್ಲಿದ್ದ ಗಾಲಿ, ಬೋಲ್ಟು, ಅಜ್ಜ ಕೈಯಾರೆ ಮಾಡಿಕೊಂಡ ಇಕ್ಕಳ, ಉಳಿ, ಎಲ್ಲ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟೆ. “ಒಗೀಬ್ಯಾಡೋ ತಮ್ಮಾ, ಒಂದಿನ ಬೇಕಾಗ್ತದ” ಅಂತ ಅಜ್ಜ ಹೇಳ್ತಿದ್ದದ್ದು ಗೊತ್ತಿದ್ದೂ ಕೊಟ್ಟೆ. ಎರಡು ವರ್ಷದ ಮೇಲೆ ಎಂ.ಎ. ಪ್ರಬಂಧಕ್ಕೆ ಅದೇ ಬೇಕಾಯಿತು. ಈ ರಾಟೆ ಉಳಿದದ್ದು ಅತ್ತೆ ತಮ್ಮ ಮನೆಗೆ ಒಯ್ದಿದ್ದರಿಂದ. ಅದನ್ನು ಅವರ ಕೈಗೆ ಕೊಟ್ಟಾಗ, ಮುಟ್ಟಿ ಮುಟ್ಟಿ ಹನ್ನೊಂದು ಭಾಗಗಳ ಹೆಸರು ಹೇಳಿದರು. ಮಾರಿದ ಸಾಮಾನಿನ ಹೆಸರು ಕೇಳಿದಾಗ, “ಕೈಯಾಗ ಇದ್ರ ನೆನಪಾಗ್ತಿತ್ತು” ಅಂದರು.

ಅದಕ್ಕೇ ಸಹಪಾಠಿಗಳಲ್ಲಿ ಒಂದು ಕೋರಿಕೆ. ಹೊಸೂರು, ರಾಯದುರ್ಗ, ವಯನಾಡು, ನೀವು ಎಲ್ಲೇ ಕ್ಷೇತ್ರಕಾರ್ಯ ಮಾಡಿ, ಹಿತ್ತಲಿನ ಡಬ್ಬಿಗಳನ್ನೂ ತೆರೆಸಿ ನೋಡಿ. ಸಾಮಾನನ್ನು ಅಳೆಯಿರಿ. ಹೆಸರು ಕೇಳುವಾಗ ಅದು ಹೇಳುವವರ ಕೈಯಲ್ಲೇ ಇರಲಿ. ಮಾಡಿದವರು ಯಾರು ಅಂತ ಕೇಳಿದ ಮೇಲೆ ತಿರುವಿದವರು ಯಾರು ಅಂತಲೂ ಕೇಳಿ. ಇದನ್ನೆಲ್ಲ ತಳ್ಳುಗಾಡಿ ಬರುವ ಮೊದಲೇ ಮಾಡಿ.

ಪ್ರಶ್ನೆಗಳಿದ್ದರೆ ಕೇಳ್ರಿ.